ನ್ಯೂಯಾರ್ಕಿನ ಧಕ್ಕೆಗಳು

ಮೂಕಿಚಿತ್ರಗಳ ಯುಗ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ತಯಾರಾದ ಪ್ರೇಮಚಿತ್ರ. ಮೂಲ ಹೆಸರು 'ದ ಡಾಕ್ಸ್ ಆಫ್ ನ್ಯೂಯಾರ್ಕ್'. ನಿರ್ದೇಶಕ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್, ನಿರ್ಮಾಣ ಪ್ಯಾರಮೌಂಟ್ ಸಂಸ್ಥೆಯದು, ಬಿಡುಗಡೆ 1928ರ ಸೆಪ್ಟೆಂಬರ್. ಒಟ್ಟು 76 ನಿಮಿಷದ ಕಪ್ಪು-ಬಿಳುಪು ಚಿತ್ರ. ಜಾನ್ ಮಂಕ್ ಸಾಂಡರ್ಸ್ ಬರೆದ ಕಥೆಯನ್ನು ಚಿತ್ರಕಥೆಯಾಗಿ ಬೆಳೆಸಿದವನು ಜೂಲ್ಸ್ ಫರ್ತ್‌ಮನ್. ಛಾಯಾಗ್ರಾಹಕ ಹೆರಾಲ್ಡ್ ರಾಸನ್, ಕಲಾ ನಿರ್ದೇಶಕ ಹಾನ್ಸ್ ಡ್ರೈಯರ್. ಕಲ್ಲಿದ್ದಲಿನ ಹಡಗಿನಲ್ಲಿ ಬೆಂಕಿಗೂಡಿಗೆ ಸನಿಕೆಯಿಂದ ಕಲ್ಲಿದ್ದಲು ತುಂಬುವ ಆಳು ಬಿಲ್ ರಾಬರ್ಟ್ಸ್, ಬದುಕು ಸಾಕೆಂದು ನೀರಿಗೆ ಬಿದ್ದ ಹೆಣ್ಣು ಮೇ, ಇವರಿಬ್ಬರ ನಡುವೆ ಒಂದು ರಾತ್ರಿ ಮತ್ತು ಒಂದು ಹಗಲಿನಲ್ಲಿ ನಡೆಯುವುದಿಷ್ಟೇ ಕಥೆ. ಮೂಕಿಚಿತ್ರ ಎಂಬ ಕಲೆ ತನ್ನ ತುದಿ ಮುಟ್ಟಿದ ಕೆಲವೇ ಚಿತ್ರಗಳಲ್ಲಿ ಇದೊಂದು ಎಂಬುದರಲ್ಲಿ ಚಿತ್ರ ಇತಿಹಾಸಕಾರರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ 1999ರಲ್ಲಿ ಇದಕ್ಕೆ ಸ್ಥಾನ ಸಿಕ್ಕಿತು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಓದುಗರಿಗೆ ಈ ಚಿತ್ರ ದೂರದ್ದೆಂದು ತೋರಬಹುದು. ಆದರೆ ಇದರ ಕಥೆಯ ಎಲುಬು ನಮ್ಮ ರಂಗಭೂಮಿ ಬಹುಕಾಲದಿಂದ ಬಲ್ಲ ಒಂದು ಸಂಸ್ಕೃತ ನಾಟಕದ್ದೇ ಆಗಿದೆ. ಅದೇ ನಾಟಕವನ್ನು ಆಧರಿಸಿದ ಮೂಕಿಚಿತ್ರ ಕೆಲವೇ ವರ್ಷಗಳಲ್ಲಿ ಕನ್ನಡ ನಾಡಿನಿಂದಲೂ ಬಂದಿತ್ತು. ಆದ್ದರಿಂದ ಈ ಲೇಖನ ಎರಡನ್ನೂ ಜೊತೆಗಿಟ್ಟು ನೋಡುತ್ತದೆ.

ಕಥೆ

ಹಡಗುಗಳಿಗೆ ಎಣ್ಣೆ ಬರುವ ಮುಂಚಿನ, ಕಲ್ಲಿದ್ದಲಿನ ಕಾಲ. ನ್ಯೂಯಾರ್ಕಿನ ಧಕ್ಕೆಗೆ ಒಂದು ಸರಕು ಹಡಗು ಬಂದು ನಿಲ್ಲುತ್ತದೆ. ತಳದ ಬೆಂಕಿಮನೆಯಲ್ಲಿ ಬೆವರು, ಮಸಿ ಮೆತ್ತಿಕೊಂಡು ದುಡಿದ ಆಳುಗಳಿಗೆ ಒಂದು ರಾತ್ರಿಯ ಬಿಡುವು. ಬಿಲ್ ದಡಕ್ಕೆ ಇಳಿಯುವ ಹೊತ್ತಿಗೇ ಮಂಜಿನ ನಡುವೆ ಹೆಣ್ಣೊಬ್ಬಳು ನೀರಿಗೆ ಹಾರುತ್ತಾಳೆ. ಅವನು ಹಾರಿ ಅವಳನ್ನು ಎತ್ತಿ ತಂದು, ಧಕ್ಕೆಯ ಹೆಂಡದಂಗಡಿಯ ಮೇಲಿನ ಕೋಣೆಯಲ್ಲಿ ಮಲಗಿಸುತ್ತಾನೆ. ಹಡಗಿನ ಮೂರನೇ ಇಂಜಿನಿಯರ್ ಆ್ಯಂಡಿ ಬಿಟ್ಟುಹೋದ ಹೆಂಡತಿ ಲೂ ಅವಳ ಆರೈಕೆಗೆ ನಿಲ್ಲುತ್ತಾಳೆ. ಮೇಗೆ ಒಣ ಬಟ್ಟೆ ಇಲ್ಲ. ಮುಚ್ಚಿದ ಗಿರವಿ ಅಂಗಡಿ ಒಡೆದು ಬಿಲ್ ಬಟ್ಟೆ ಕದ್ದು ತರುತ್ತಾನೆ.

ಕೆಳಗೆ ಕುಡಿತ, ಕುಣಿತ, ಬಡಿದಾಟ. ಆ ಗದ್ದಲದಲ್ಲೇ ಬಿಲ್ ಹುಡುಗಾಟಕ್ಕೆಂಬಂತೆ ಮೇಯನ್ನು ಮದುವೆಯಾಗುವ ಮಾತಾಡುತ್ತಾನೆ. ಧಕ್ಕೆಯ ಪಾದ್ರಿ ಹ್ಯಾರಿಯನ್ನು ಕರೆಸುತ್ತಾರೆ. ಸರಕಾರದ ಪರವಾನಗಿ ಕಾಗದ ಬೆಳಿಗ್ಗೆ ತಂದರಾಯಿತು ಎಂದು ಮಾತು. ಉಂಗುರವಿಲ್ಲ, ಲೂ ತನ್ನ ಬೆರಳಿನದನ್ನೇ ಕಳಚಿಕೊಡುತ್ತಾಳೆ. ಬೆಳಗಾಗುತ್ತದೆ. ನಿದ್ದೆಯಲ್ಲಿರುವ ಮೇಯ ಪಕ್ಕ ಹಣವಿಟ್ಟು ಬಿಲ್ ಹಡಗಿಗೆ ಹೊರಡುತ್ತಾನೆ. ಅವನು ಹೋದ ಮೇಲೆ ಆ್ಯಂಡಿ ಮೇಯ ಕೋಣೆ ಹೊಕ್ಕು ಬಲಾತ್ಕಾರಕ್ಕೆ ಕೈಹಾಕುತ್ತಾನೆ. ಗುಂಡಿನ ಸದ್ದು. ಪೊಲೀಸರು ಮೇಯನ್ನು ಸಂಶಯಿಸುತ್ತಾರೆ, ಕೊಂದವಳು ನಾನು ಎಂದು ಲೂ ಮುಂದೆ ಬರುತ್ತಾಳೆ. ಗುಂಡಿನ ಸದ್ದಿಗೆ ಓಡಿಬಂದಿದ್ದ ಬಿಲ್ ಮತ್ತೆ ಹೊರಟುನಿಲ್ಲುತ್ತಾನೆ. ಹಡಗು ದಡ ಬಿಟ್ಟ ಮೇಲೆ ಮನಸ್ಸು ತಡೆಯದೆ ನೀರಿಗೆ ಹಾರಿ, ಈಜಿ ದಡ ಸೇರುತ್ತಾನೆ. ಅಷ್ಟರಲ್ಲಿ ಕದ್ದ ಬಟ್ಟೆ ತೊಟ್ಟ ತಪ್ಪಿಗೆ ಮೇ ರಾತ್ರಿ ನ್ಯಾಯಾಲಯದ ಕಟಕಟೆಯಲ್ಲಿದ್ದಾಳೆ. ಕಳ್ಳ ನಾನು ಎಂದು ಬಿಲ್ ಒಪ್ಪಿಕೊಳ್ಳುತ್ತಾನೆ. ಅವನಿಗೆ 60 ದಿನದ ಸಜೆ. ಅವಳು ಕಾಯುತ್ತಾಳೆ.

ಇಷ್ಟನ್ನು ಬಾಯಲ್ಲಿ ಹೇಳಿದರೆ ಐದು ನಿಮಿಷದ ಕಥೆ, ಅದೂ ತೀರ ಹೊಸದಲ್ಲ. ಚಿತ್ರದ ಸತ್ತ್ವ ಘಟನೆಗಳಲ್ಲಿಲ್ಲ, ಆ ಘಟನೆಗಳನ್ನು ತೋರಿಸದೆ ತೋರಿಸಿದ ರೀತಿಯಲ್ಲಿದೆ.

ನೀರು, ಮಂಜು, ಬೆಳಕು

ಮೇ ನೀರಿಗೆ ಹಾರುವುದನ್ನು ಪ್ರೇಕ್ಷಕ ನೇರವಾಗಿ ನೋಡುವುದಿಲ್ಲ. ತೆರೆಯ ತುಂಬ ಧಕ್ಕೆಯ ಕಪ್ಪು ನೀರು, ಅದರ ಮೇಲೆ ಅಲುಗಾಡುವ ಅವಳ ನೆರಳು. ನೆರಳು ಒಮ್ಮೆ ಬಾಗುತ್ತದೆ, ನೀರು ಒಡೆಯುತ್ತದೆ. ಚಿತ್ರರಂಗದ ನೂರು ವರ್ಷಗಳಲ್ಲಿ ಆತ್ಮಹತ್ಯೆಯ ಯತ್ನವನ್ನು ಇಷ್ಟು ಸಂಯಮದಿಂದ, ನೋಡುವವರಿಗೆ ಇಷ್ಟು ಆಳವಾಗಿ ನಾಟುವಂತೆ ತೆಗೆದದ್ದು ಅಪರೂಪ. ಅವಳ ಮುಖ ಆಗ ತೋರಿಸಿದ್ದರೆ ನಾವು ಅವಳ ದುಃಖ ನೋಡುತ್ತಿದ್ದೆವು. ನೆರಳನ್ನಷ್ಟೇ ತೋರಿಸಿದ್ದರಿಂದ, ಈ ಧಕ್ಕೆಯಲ್ಲಿ ಅವಳಿಗೆ ನೆರಳಿಗಿಂತ ಹೆಚ್ಚಿನ ಇರವಿಲ್ಲ ಎಂಬುದು ಹೇಳದೆ ತಿಳಿಯುತ್ತದೆ.

ಈ ನೀರಾಗಲಿ ಧಕ್ಕೆಯಾಗಲಿ ನ್ಯೂಯಾರ್ಕಿನವಲ್ಲ. ಹಡಗಿನ ಪಕ್ಕೆ, ಹಲಗೆಯ ದಾರಿ, ಹೆಂಡದಂಗಡಿ, ಮಂಜು, ಎಲ್ಲವನ್ನೂ ಹಾಲಿವುಡ್ಡಿನ ಸ್ಟುಡಿಯೋದಲ್ಲಿ ಕಟ್ಟಿದ್ದು. ಹಾನ್ಸ್ ಡ್ರೈಯರ್ ಜರ್ಮನಿಯ ಚಿತ್ರರಂಗದಲ್ಲಿ ಪಳಗಿ ಬಂದ ಕಲಾ ನಿರ್ದೇಶಕ. ಕ್ಯಾಮೆರಾದ ಮುಂದೆ ಬಲೆ, ಹಗ್ಗ, ಸರಪಳಿ, ದೀಪದ ಗಾಜು ತೂಗುಬಿಟ್ಟು, ಅವುಗಳ ಆಚೆ ಹೊಗೆ ಹರಡಿ, ಹೊಗೆಯ ಆಚೆ ಮುಖಗಳನ್ನಿಟ್ಟರೆ ಬರಿಯ ಗೋಡೆಗೂ ಆಳ ಬರುತ್ತದೆ. ಸ್ಟರ್ನ್‌ಬರ್ಗ್ ನಟರ ನಡುವಣ ಖಾಲಿ ಜಾಗವನ್ನು ಎಂದೂ ಖಾಲಿ ಬಿಟ್ಟವನಲ್ಲ. ಗಾಳಿಗೂ ಮೈ ಕೊಡುವುದು ಅವನ ಹಟ. ಹದಿಹರೆಯದಲ್ಲಿ ವಿಯೆನ್ನಾದಿಂದ ನ್ಯೂಯಾರ್ಕಿಗೆ ಬಂದು ನೆಲೆಸಿದ ಈತ ಲೇಸು ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮುಂದೆ ಅವನ ಚಿತ್ರಗಳಲ್ಲೆಲ್ಲ ಜಾಲರಿ, ಪರದೆ, ಗರಿಗಳ ಮೂಲಕ ಬೆಳಕು ಜಾಲಿಸಿ ಬರುವುದಕ್ಕೆ ಆ ದಿನಗಳೂ ಕಾರಣವಿರಬೇಕು. ಇಳಕಲ್ಲಿನ ನೇಕಾರರು ಒಡಲಿನ ಹತ್ತಿಯ ಎಳೆಗೆ ಸೆರಗಿನ ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವಂತೆ, ಕಲ್ಲಿದ್ದಲಿನ ಒರಟು ಕಪ್ಪಿಗೆ ಹೆಣ್ಣಿನ ಕೂದಲ ಮೇಲಿನ ಬೆಳಕನ್ನು ಇವನು ಕೂಡಿಸಿದ್ದಾನೆ. ಎರಡು ಬೇರೆ ಬೇರೆ ಎಂದು ಗೊತ್ತಿದ್ದರೂ ಸೇರಿದ ಗೆರೆ ಕಾಣುವುದಿಲ್ಲ.

ಛಾಯಾಗ್ರಾಹಕ ಹೆರಾಲ್ಡ್ ರಾಸನ್ 1952ರ 'ಸಿಂಗಿನ್ ಇನ್ ದ ರೇನ್' ಚಿತ್ರಕ್ಕೂ ಕ್ಯಾಮೆರಾ ಹಿಡಿದವನು. ಮಾತು ಬಂದ ಹೊತ್ತಿನಲ್ಲಿ ಮೂಕಿಚಿತ್ರದವರ ಬದುಕು ಏನಾಯಿತು ಎಂಬುದೇ ಆ ಚಿತ್ರದ ಕಥೆ. ಆ ದಾಟುವಿಕೆಯನ್ನು ಕಣ್ಣಾರೆ ಕಂಡವನೇ ಅದನ್ನು ಬಣ್ಣದಲ್ಲಿ ಚಿತ್ರಿಸಿದಂತಾಯಿತು.

ಸೂಜಿಯ ದೃಶ್ಯ

ಚಿತ್ರದ ಹೃದಯ ಎರಡು ದೃಶ್ಯಗಳಲ್ಲಿದೆ: ಮದುವೆ ಮತ್ತು ಸೂಜಿ.

ಮದುವೆಯ ದೃಶ್ಯ ಕುಡುಕರ ಕೇಕೆಯಲ್ಲಿ ಆರಂಭವಾಗುತ್ತದೆ. ಎಲ್ಲರಿಗೂ ಇದು ಮೋಜು, ಬಿಲ್‌ಗೂ ಅಷ್ಟೇ. ಪಾದ್ರಿ ಹ್ಯಾರಿಗೆ ಅಲ್ಲ, ಮೇಗೂ ಅಲ್ಲ. ಪಾದ್ರಿ ಪುಸ್ತಕ ತೆರೆದಂತೆ ಕ್ಯಾಮೆರಾ ಮೇಯ ಮುಖಕ್ಕೆ ಬರುತ್ತದೆ. ಆಗ ಸುತ್ತಲಿನ ಮುಖಗಳಲ್ಲೂ ಒಂದೊಂದಾಗಿ ನಗು ಇಳಿಯುತ್ತದೆ. ಅಣಕವಾಗಿ ಆರಂಭವಾದದ್ದು ಅರ್ಧದಲ್ಲೇ ನಿಜದ ಮದುವೆಯಾಗಿಬಿಡುತ್ತದೆ. ಯಾವ ಬರಹದ ಫಲಕವೂ ಇದನ್ನು ಹೇಳುವುದಿಲ್ಲ. ತನ್ನ ಮದುವೆ ಮುರಿದುಬಿದ್ದಿದ್ದರೂ ಆ ಮದುವೆಯ ಉಂಗುರವನ್ನು ಇನ್ನೊಬ್ಬಳ ಬೆರಳಿಗೆ ಕೊಡುವ ಲೂ ಈ ದೃಶ್ಯದ ನಿಜವಾದ ಯಜಮಾನಿ. ಆ ಪಾತ್ರದ ಓಲ್ಗಾ ಬಕ್ಲನೋವಾ ಮಾಸ್ಕೋ ಆರ್ಟ್ ಥಿಯೇಟರಿನಿಂದ ಬಂದ ನಟಿ. ಹೆಚ್ಚು ಹೊತ್ತು ತೆರೆಯ ಮೇಲಿರದಿದ್ದರೂ ಚಿತ್ರ ಮುಗಿದ ಮೇಲೆ ಬಿಲ್‌ಗಿಂತ ಅವಳೇ ನೆನಪಿನಲ್ಲಿ ನಿಲ್ಲುತ್ತಾಳೆ.

ಸೂಜಿಯ ದೃಶ್ಯ ಇದಕ್ಕಿಂತ ಚಿಕ್ಕದು. ಬಿಲ್ ಎರಡನೆಯ ಬಾರಿ ಹೊರಟು ನಿಂತಿದ್ದಾನೆ. ಅವನ ಜೇಬು ಹರಿದಿದೆ. ಹೊಲಿದುಕೊಡುತ್ತೇನೆ ಎಂದು ಮೇ ಸೂಜಿ ಹಿಡಿಯುತ್ತಾಳೆ. ಅವಳ ಕಣ್ಣಿನಿಂದಲೇ ನಾವು ನೋಡುತ್ತೇವೆ: ಸೂಜಿ, ದಾರ ಎರಡೂ ಮಸುಕು. ದಾರ ಕಣ್ಣಿಗೆ ಸಿಗದು, ಏಕೆಂದರೆ ಕಣ್ಣು ತುಂಬಿದೆ. ಬಿಲ್ ಸೂಜಿ ತೆಗೆದುಕೊಂಡು ತಾನೇ ದಾರ ಪೋಣಿಸಿಕೊಡುತ್ತಾನೆ. ಸನಿಕೆ ಹಿಡಿದು ಬೆಳೆದ ದಪ್ಪ ಬೆರಳುಗಳು, ಅವುಗಳಲ್ಲಿ ಆ ಸಣ್ಣ ಸೂಜಿ. ಅವಳು ಹೊಲಿಯುತ್ತಾಳೆ. ಅಳುತ್ತಿದ್ದಾಳೆ ಎಂದು ಯಾರೂ ಹೇಳಲಿಲ್ಲ, ಹೋಗಬೇಡ ಎಂದು ಅವಳೂ ಕೇಳಲಿಲ್ಲ. ಮೂಕಿಚಿತ್ರಕ್ಕೆ ಧ್ವನಿಯ ಕೊರತೆ ಇತ್ತು ಎಂದು ಭಾವಿಸುವವರು ಈ ಒಂದು ದೃಶ್ಯ ನೋಡಿದರೆ ಸಾಕು. ಮಾತು ಬಂದಿದ್ದರೆ ಇಲ್ಲಿ ಏನೋ ಒಂದು ಹೇಳಿಬಿಡಬೇಕಿತ್ತು, ಹೇಳಿದ್ದರೆ ದೃಶ್ಯ ಅಲ್ಲಿಗೇ ಸಾಯುತ್ತಿತ್ತು.

ಇಡೀ ಚಿತ್ರವನ್ನು ವಸ್ತುಗಳ ಕೈಬದಲಾವಣೆಯಾಗಿ ಓದಬಹುದು. ಕದ್ದ ಬಟ್ಟೆ, ಕಳಚಿಕೊಟ್ಟ ಉಂಗುರ, ಮಂಚದ ಬದಿ ಇಟ್ಟುಹೋದ ಹಣ, ಹರಿದ ಜೇಬು. ಹಣವಿಟ್ಟು ಹೋದದ್ದು ಬಿಲ್‌ನ ಅತಿ ಕೀಳು ಗಳಿಗೆ, ಜೇಬು ಹೊಲಿಸಿಕೊಂಡದ್ದು ಅವನ ಬದುಕು ಹೊರಳಿದ ಗಳಿಗೆ. ಪ್ರೇಮವೆಂಬುದು ಇಬ್ಬರೂ ಒಬ್ಬರಿಗೊಬ್ಬರು ಮಾಡಿಕೊಟ್ಟ ಕೆಲಸಗಳ ಲೆಕ್ಕ ಎಂಬ ದುಡಿಯುವವರ ತಿಳಿವಳಿಕೆ ಈ ಚಿತ್ರದ್ದು. ಅರಮನೆಯ ಪ್ರೇಮಕಥೆಗಳಿಗೆ ಇದು ಸಾಧ್ಯವಾಗದು.

ನಿರ್ದೇಶಕ ಮತ್ತು ನಟರು

ಸ್ಟರ್ನ್‌ಬರ್ಗ್ ಹುಟ್ಟಿದ್ದು 1894ರಲ್ಲಿ ವಿಯೆನ್ನಾದ ಬಡ ಯಹೂದಿ ಕುಟುಂಬದಲ್ಲಿ, ತೀರಿಕೊಂಡದ್ದು 1969ರಲ್ಲಿ. ಚಿತ್ರರಂಗದಲ್ಲಿ ಅವನ ಮೊದಲ ಕೆಲಸ ಹರಿದ ರೀಲುಗಳನ್ನು ಒರೆಸಿ ಜೋಡಿಸುವುದು. ಮೊದಲ ಚಿತ್ರ 'ದ ಸಾಲ್ವೇಶನ್ ಹಂಟರ್ಸ್' (1925) ಕೂಡ ಬಂದರಿನ ಕೆಸರಿನಲ್ಲಿ ಬದುಕುವವರ ಕಥೆ, ಅತಿ ಕಡಿಮೆ ಹಣದಲ್ಲಿ ತೆಗೆದದ್ದು. ಅದನ್ನು ಮೆಚ್ಚಿದ ಚಾಪ್ಲಿನ್ ತನ್ನ ಖರ್ಚಿನಲ್ಲಿ ಇವನಿಂದ ಕಡಲತೀರದ ಇನ್ನೊಂದು ಚಿತ್ರ ಮಾಡಿಸಿದ. 1926ರ ಆ ಚಿತ್ರವನ್ನು ಚಾಪ್ಲಿನ್ ಬಿಡುಗಡೆಯನ್ನೇ ಮಾಡಲಿಲ್ಲ, 1933ರಲ್ಲಿ ಅದರ ನೆಗೆಟಿವ್ ಸುಟ್ಟುಹಾಕಲಾಯಿತು. 'ಅಂಡರ್‌ವರ್ಲ್ಡ್' (1927) ಇವನಿಗೆ ಹೆಸರು ತಂದಿತು. 'ದ ಲಾಸ್ಟ್ ಕಮಾಂಡ್' (1928) ಎಮಿಲ್ ಯಾನಿಂಗ್ಸ್‌ಗೆ ಮೊಟ್ಟಮೊದಲ ಅತ್ಯುತ್ತಮ ನಟ ಆಸ್ಕರ್ ದೊರೆಯಲು ಕಾರಣವಾದ ಚಿತ್ರಗಳಲ್ಲೊಂದು. 1930ರಲ್ಲಿ ಜರ್ಮನಿಯಲ್ಲಿ 'ದ ಬ್ಲೂ ಏಂಜೆಲ್' ತೆಗೆದು ಮಾರ್ಲೀನ್ ಡೀಟ್ರಿಚ್‌ಳನ್ನು ಜಗತ್ತಿಗೆ ಪರಿಚಯಿಸಿದ ಮೇಲೆ ಜನ ಅವನನ್ನು ನೆನೆಯುವುದು ಅವಳ ಹೆಸರಿನ ಜೊತೆಗೇ. ಆ ನಂಟಿನ ಹೊಳಪಿನಲ್ಲಿ ಧಕ್ಕೆಯ ಈ ಚಿತ್ರ ಬಹುಕಾಲ ಹಿಂದೆ ಸರಿದಿತ್ತು.

ಬಿಲ್ ಪಾತ್ರದ ಜಾರ್ಜ್ ಬ್ಯಾಂಕ್ರಾಫ್ಟ್ ಗೂಳಿಯಂಥ ಮೈಕಟ್ಟಿನವನು. ಅವನ ನಗು, ನಡಿಗೆ ಎರಡರಲ್ಲೂ ಅತಿ ಎನ್ನುವಷ್ಟು ಜಂಬ ಇದೆ, ಆರಂಭದಲ್ಲಿ ಕೊಂಚ ಬೇಸರ ತರಿಸುತ್ತದೆ. ಸೂಜಿಯ ದೃಶ್ಯಕ್ಕೆ ಬಂದಾಗ ಆ ಜಂಬ ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಮೇ ಪಾತ್ರದ ಬೆಟ್ಟಿ ಕಾಂಪ್ಸನ್ ಹೆಚ್ಚು ಚಲಿಸದೆ ನಟಿಸುತ್ತಾಳೆ, ಅರ್ಧ ಮುಚ್ಚಿದ ರೆಪ್ಪೆಗಳಲ್ಲೇ ದಣಿವು ತಿಳಿಸುತ್ತಾಳೆ.

ಮಾತು ಬಂದಾಗ

1927ರ ಅಕ್ಟೋಬರಿನಲ್ಲಿ 'ದ ಜಾಝ್ ಸಿಂಗರ್' ಬಂದಿತ್ತು. ಧಕ್ಕೆಯ ಚಿತ್ರ ತೆರೆಕಂಡ ತಿಂಗಳಲ್ಲೇ ಅದೇ ಗಾಯಕ ಆಲ್ ಜೋಲ್ಸನ್‌ನ 'ದ ಸಿಂಗಿಂಗ್ ಫೂಲ್' ಬಂದು ಜನ ಅದಕ್ಕೆ ಮುಗಿಬಿದ್ದರು. ಹಾಡುವ ತೆರೆಯ ಮುಂದೆ ಮೌನದ ಚಿತ್ರ ನಿಲ್ಲಲಿಲ್ಲ. ಕೊನೆಯ ಮೂರು ವರ್ಷಗಳಲ್ಲಿ ಮೂಕಿಚಿತ್ರ ಎಷ್ಟು ಎತ್ತರಕ್ಕೇರಿತ್ತು ಎಂಬುದನ್ನು ನೆನೆದರೆ ಈ ಸೋಲು ಇನ್ನಷ್ಟು ನೋಯಿಸುತ್ತದೆ: ಮುರ್ನಾವ್‌ನ 'ಸನ್‌ರೈಸ್' (1927), ಕಿಂಗ್ ವಿಡಾರ್‌ನ 'ದ ಕ್ರೌಡ್' (1928), ಡ್ರೇಯರ್‌ನ 'ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' (1928), ಇವೆಲ್ಲ ಅದೇ ಹೊತ್ತಿನವು.

ಮೃಚ್ಛಕಟಿಕದ ನೆಂಟಸ್ತಿಕೆ

ಶೂದ್ರಕನ 'ಮೃಚ್ಛಕಟಿಕ' ಬಲ್ಲವರಿಗೆ ಧಕ್ಕೆಯ ಕಥೆ ಓದುವಾಗಲೇ ಏನೋ ನೆನಪಾಗಿರಬೇಕು. ಅಲ್ಲಿಯೂ ನಾಯಕಿ ಸಮಾಜ ಗೃಹಿಣಿಯೆಂದು ಒಪ್ಪದ ಹೆಣ್ಣು, ಗಣಿಕೆ ವಸಂತಸೇನೆ. ಅಲ್ಲಿಯೂ ಪ್ರೇಮಕ್ಕಾಗಿ ಕಳ್ಳತನ ನಡೆಯುತ್ತದೆ, ಶರ್ವಿಲಕ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಕನ್ನ ಕೊರೆದು ಒಡವೆ ಕದಿಯುತ್ತಾನೆ. ಅಧಿಕಾರದ ಸೊಕ್ಕಿನ ಗಂಡು ಹೆಣ್ಣಿನ ಮೇಲೆ ಕೈಮಾಡುತ್ತಾನೆ, ಅಲ್ಲಿ ಶಕಾರ, ಇಲ್ಲಿ ಆ್ಯಂಡಿ. ಸತ್ತೇಹೋದಳು ಎಂದುಕೊಂಡ ನಾಯಕಿ ಅಲ್ಲಿಯೂ ಬದುಕಿ ಬರುತ್ತಾಳೆ. ಮಾಡದ ತಪ್ಪಿಗೆ ಕಟಕಟೆ ಹತ್ತುವುದು ಎರಡರಲ್ಲೂ ಇದೆ, ಕೊನೆಗೆ ನ್ಯಾಯಾಲಯದ ಸುತ್ತ ಗಂಟು ಬಿಚ್ಚಿಕೊಳ್ಳುತ್ತದೆ. ಅಲ್ಲಿ ಚಾರುದತ್ತನ ಹೆಂಡತಿ ಧೂತೆ ತನ್ನ ರತ್ನಮಾಲೆ ಕೊಟ್ಟು ಗಂಡನ ಮಾನ ಉಳಿಸುತ್ತಾಳೆ, ಇಲ್ಲಿ ಲೂ ಉಂಗುರ ಕೊಡುತ್ತಾಳೆ. ಸ್ಟರ್ನ್‌ಬರ್ಗ್ ಶೂದ್ರಕನಿಂದ ಇದನ್ನು ಎತ್ತಿಕೊಂಡ ಎಂದು ಹೇಳುತ್ತಿಲ್ಲ. ಊರು ಹೊರಗಿಟ್ಟವರ ಪ್ರೇಮವನ್ನು ಮರ್ಯಾದೆಯಿಂದ ಬರೆಯಹೊರಟ ಇಬ್ಬರು ಕಲಾವಿದರು ಇಷ್ಟು ಕಾಲದ ಅಂತರದಲ್ಲಿ ಅದೇ ದಾರಿ ಹಿಡಿದಿದ್ದಾರೆ. ಆ ದಾರಿ ಒಡವೆ, ಬಟ್ಟೆ, ಕಳವು, ಕಟಕಟೆಗಳ ಮೂಲಕವೇ ಹೋಗಬೇಕು, ಏಕೆಂದರೆ ಅಂಥವರ ಬದುಕಿನ ಮೇಲೆ ಸಮಾಜದ ಕಣ್ಣು ಬೀಳುವುದು ಅಲ್ಲಿ ಮಾತ್ರ.

ಕನ್ನಡ ನಾಡಿನ ಮೂಕಿಚಿತ್ರಗಳಲ್ಲಿ ಹೆಸರಾದದ್ದು ಇದೇ ನಾಟಕದ ಚಿತ್ರರೂಪ. ಮೋಹನ್ ಭಾವನಾನಿ ನಿರ್ದೇಶಿಸಿದ ಈ ಚಿತ್ರ 'ವಸಂತಸೇನಾ' ಎಂಬ ಹೆಸರಿನಲ್ಲೂ ಪರಿಚಿತ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ, 'ಶಿರಾಜ್' (1928) ಚಿತ್ರದಲ್ಲಿ ನಟಿಸಿದ್ದ ಏಣಾಕ್ಷಿ ರಾಮರಾವ್ ಅದರಲ್ಲಿದ್ದರು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲಬಾರದು ಎಂಬ ಕಾಲದಲ್ಲಿ ಕಮಲಾದೇವಿ ನಿಂತರು, ಅದೂ ಗಣಿಕೆಯ ಪ್ರೇಮದ ಕಥೆಯಲ್ಲಿ. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಸಾಲುಸಾಲಾಗಿ ಮೂಕಿಗಳನ್ನು ತಯಾರಿಸುತ್ತಿತ್ತು. ಗುಬ್ಬಿ ವೀರಣ್ಣನವರು ಸ್ವಂತ ಸಂಸ್ಥೆ ಕಟ್ಟಿ 'ಹರಿಮಾಯಾ' ಮತ್ತು 'ಹಿಸ್ ಲವ್ ಅಫೇರ್' ತೆಗೆಸಿದರು. ಎರಡನೆಯದರ ನಿರ್ದೇಶಕ ಬೆಲ್ಜಿಯಂನ ರಾಫೆಲ್ ಅಲ್ಗೊಯೆಟ್, ನಟರು ವೀರಣ್ಣ ಮತ್ತು ಜಯಮ್ಮ. ಈ ಚಿತ್ರಗಳನ್ನು ನಾವು ಹೆಸರಿನಿಂದ ಬಲ್ಲೆವೇ ಹೊರತು ಕಣ್ಣಿನಿಂದಲ್ಲ.

ಬಾಗಲಕೋಟೆ ಸೀಮೆಯಲ್ಲಿ ಆ ಕಾಲ

ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯ ತಾಲ್ಲೂಕುಗಳು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಸೀಮೆಗೆ ಸಿನಿಮಾದ ಬೆಳಕು ಬಂದದ್ದು ಮೈಸೂರಿನ ಕಡೆಯಿಂದಲ್ಲ, ಮುಂಬಯಿ ಮತ್ತು ಕೊಲ್ಹಾಪುರದ ಕಡೆಯಿಂದ. ಬಾಬುರಾವ್ ಪೇಂಟರ್ ಕೊಲ್ಹಾಪುರದಲ್ಲಿ 1925ರಲ್ಲೇ 'ಸಾವಕಾರಿ ಪಾಶ್' ತೆಗೆದು, ಸಾಲಕ್ಕೆ ಹೊಲ ಕಳೆದುಕೊಂಡ ರೈತ ಪಟ್ಟಣದ ಗಿರಣಿ ಕೂಲಿಯಾಗುವುದನ್ನು ತೋರಿಸಿದ್ದರು. ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' (1934) ಚಿತ್ರೀಕರಣವಾದದ್ದೂ ಕೊಲ್ಹಾಪುರದಲ್ಲೇ.

ಪ್ರೇಮಕಥೆ ಇಲ್ಲಿಯ ಜನಕ್ಕೆ ಮುಟ್ಟುತ್ತಿದ್ದದ್ದು ತೆರೆಯಿಂದಲ್ಲ, ರಂಗದಿಂದ. ಗದಗಿನ ಗರುಡ ಸದಾಶಿವರಾಯರ ಮಂಡಳಿ, ವಾಮನರಾವ್ ಮಾಸ್ತರರ ಕಂಪನಿ ಉತ್ತರ ಕರ್ನಾಟಕದ ಊರೂರು ತಿರುಗಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಡೇರೆ ಹಾಕಿ ವಾರಗಟ್ಟಲೆ ಆಡುವ ಪದ್ಧತಿ ಇವತ್ತಿಗೂ ನಿಂತಿಲ್ಲ. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರು 'ರಕ್ತರಾತ್ರಿ'ಯಂಥ ನಾಟಕ ಬರೆದು, ಮಾತಿನ ಆರ್ಭಟದಲ್ಲಿ ಏನೆಲ್ಲ ಸಾಧ್ಯ ಎಂದು ತೋರಿಸಿದರು. ಇಲ್ಲಿಯ ರಂಗಭೂಮಿ ಪೂರಾ ಕಂಠದ ಮೇಲೆ ನಿಂತದ್ದು. ಕೊನೆಯ ಸಾಲಿನ ಪ್ರೇಕ್ಷಕನಿಗೆ ನಾಯಕಿಯ ಕಣ್ಣು ಕಾಣದು, ಹಾಡು ಕೇಳುತ್ತದೆ. ಸೂಜಿಗೆ ದಾರ ಪೋಣಿಸುವ ದೃಶ್ಯವನ್ನು ಆ ಡೇರೆಯಲ್ಲಿ ಆಡಲಾಗದು, ಅದನ್ನು ನುಂಗಿನಿಲ್ಲುವ ಒಂದು ಪದವನ್ನು ಹಾಡಬಹುದು. ಎರಡೂ ದೊಡ್ಡ ಕಲೆಗಳೇ. ಒಂದರ ಗಜದಿಂದ ಇನ್ನೊಂದನ್ನು ಅಳೆಯುವುದು ತಪ್ಪು.

ಆದ್ದರಿಂದ ಟಾಕಿಯ ಬರವನ್ನು ಈ ನೆಲದಿಂದ ನೋಡಿದರೆ ಅದು ಸೋಲಿನ ಕಥೆಯಾಗಿ ಕಾಣುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ರಂಗಭೂಮಿಯಿಂದ ಮುಂಬಯಿಗೆ ಹೋಗಿ 1934ರ 'ವಿಷ್ಣುಭಕ್ತಿ'ಯಿಂದ ಚಿತ್ರರಂಗ ಸೇರಿದರು. 'ಕಿಸ್ಮತ್' (1943) ಚಿತ್ರದ ಹಾಡುಗಳಿಂದ ದೇಶವೇ ಅವರನ್ನು ಗುರುತಿಸಿತು. ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು, 1965ರಲ್ಲಿ ತೀರಿಕೊಂಡರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಕಂಪನಿ ಸೇರಿ, ಮುಂದೆ ಅವರನ್ನೇ ಮದುವೆಯಾದರು. ಹತ್ತು ವರ್ಷ ಮೊದಲು ಸಿನಿಮಾಕ್ಕೆ ಹೋಗಿದ್ದರೆ ಅಮೀರ್‌ಬಾಯಿಯವರ ಕಂಠ ಯಾರಿಗೂ ಕೇಳುತ್ತಿರಲಿಲ್ಲ. ಓಲ್ಗಾ ಬಕ್ಲನೋವಾಳಂಥ ನಟಿಗೆ, ಅವಳ ಇಂಗ್ಲಿಷಿನ ರಷ್ಯನ್ ಧಾಟಿಯ ಕಾರಣಕ್ಕೆ ಮುಚ್ಚಿದ ಬಾಗಿಲೇ ಬೀಳಗಿಯ ಹೆಣ್ಣುಮಗಳಿಗೆ ತೆರೆಯಿತು. ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಬದುಕನ್ನು ಹುಡುಕಿ ಪುಸ್ತಕ ಬರೆಯುವವರೆಗೆ ನಮ್ಮಲ್ಲಿ ಎಷ್ಟೋ ಮಂದಿಗೆ ಅವರ ಊರು ಯಾವುದೆಂದೇ ತಿಳಿದಿರಲಿಲ್ಲ.

ಇನ್ನೊಂದು ನಂಟು ನೋವಿನದು. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದದ ಹಳ್ಳಿಗಳಿಂದ ಕುಟುಂಬಗಳು ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುತ್ತವೆ. ಬಂದರಿನ ಊರುಗಳಲ್ಲಿ ಹೊರೆ ಹೊರುವ, ಕಟ್ಟಡ ಕಟ್ಟುವ ಕೈಗಳಲ್ಲಿ ಈ ಸೀಮೆಯವು ಬಹಳ. ಗೋವಾದ ಮುರಗಾಂವ್ ಬಂದರಿನ ಹತ್ತಿರ, ವಾಸ್ಕೋದ ಬೈನಾ ಕಡಲಂಚಿನಲ್ಲಿ ಕನ್ನಡಿಗರ ದೊಡ್ಡ ವಸತಿಯೇ ಇತ್ತು. ಕೂಲಿಗಳ ಜೊತೆಗೆ, ದೇವದಾಸಿ ಪದ್ಧತಿಯ ಹೆಸರಿನಲ್ಲಿ ಮನೆ ಬಿಟ್ಟು ಹೋಗಬೇಕಾಗಿ ಬಂದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ ಅಲ್ಲಿದ್ದರು. ಮುತ್ತು ಕಟ್ಟುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾನೂನು ಮಾಡಿತ್ತು. 2004ರಲ್ಲಿ ಬೈನಾದ ಆ ಮನೆಗಳನ್ನು ಕೆಡವಿಹಾಕಲಾಯಿತು. ಹಡಗಿನವರು ಒಂದು ರಾತ್ರಿಗೆ ಬಂದು ಹೋಗುವ ದಡದಲ್ಲಿ ಬದುಕು ಕಳೆದ ಹೆಣ್ಣಿನ ಕಥೆ ನಮಗೆ ನ್ಯೂಯಾರ್ಕಿನಿಂದ ಬರಬೇಕಾಗಿರಲಿಲ್ಲ. ಅಂಥವಳನ್ನು ಕರುಣೆಯ ವಸ್ತುವಾಗಿ ಅಲ್ಲ, ಪ್ರೇಮಕಥೆಯ ನಾಯಕಿಯಾಗಿ ನಿಲ್ಲಿಸಿದ್ದು ಸ್ಟರ್ನ್‌ಬರ್ಗ್‌ನ ಹಿರಿಮೆ. ಮೇ ಏನು ಮಾಡಿ ಬದುಕುತ್ತಿದ್ದಳು ಎಂದು ಚಿತ್ರ ಕೆದಕುವುದಿಲ್ಲ, ಅವಳಿಗೆ ಉಪದೇಶ ಮಾಡುವುದೂ ಇಲ್ಲ.

ಉಳಿದದ್ದು, ಅಳಿದದ್ದು

ಧಕ್ಕೆಯ ಚಿತ್ರ ಉಳಿಯಿತು. ಸ್ಟರ್ನ್‌ಬರ್ಗ್‌ನ ಅದೇ ಕಾಲದ 'ದ ಡ್ರ್ಯಾಗ್‌ನೆಟ್' (1928) ಮತ್ತು 'ದ ಕೇಸ್ ಆಫ್ ಲೀನಾ ಸ್ಮಿತ್' (1929) ಕಳೆದುಹೋದವು. ಎರಡನೆಯದರದು ಕೆಲವು ನಿಮಿಷಗಳ ತುಣುಕು ಮಾತ್ರ ಸಿಕ್ಕಿದೆ. ಭಾರತದ ಲೆಕ್ಕ ಇನ್ನೂ ಕಠೋರ: ಇಲ್ಲಿ ತಯಾರಾದ 1300ಕ್ಕೂ ಹೆಚ್ಚು ಮೂಕಿಗಳಲ್ಲಿ, ತುಣುಕುಗಳೂ ಸೇರಿ, ಉಳಿದದ್ದು 30ರ ಆಸುಪಾಸು. ಆಗಿನ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದ್ದು, ಸೆಕೆಗೆ, ತೇವಕ್ಕೆ ಕೊಳೆಯುವಂಥದ್ದು. ಓಡದ ಚಿತ್ರದ ರೀಲು ತೊಳೆದು ಬೆಳ್ಳಿ ತೆಗೆದು ಮಾರುತ್ತಿದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅದಕ್ಕಾಗಿ ಪಿ.ಕೆ. ನಾಯರ್ ಊರೂರು ಅಲೆದು ಫಿಲ್ಮಿನ ಡಬ್ಬಿಗಳನ್ನು ಕೂಡಿಹಾಕಿದರು, ಆದರೆ ಮೂಕಿಗಳ ಮಟ್ಟಿಗೆ ತಡವಾಗಿತ್ತು.

'ನ್ಯೂಯಾರ್ಕಿನ ಧಕ್ಕೆಗಳು' ಈಗ ನೋಡಲು ಕಷ್ಟವಿಲ್ಲ. ಕ್ರೈಟೀರಿಯನ್ ಸಂಸ್ಥೆ ಇದನ್ನು ಸ್ಟರ್ನ್‌ಬರ್ಗ್‌ನ ಇನ್ನೆರಡು ಮೂಕಿಗಳ ಜೊತೆ 2010ರಲ್ಲಿ ಹೊಸ ಸಂಗೀತ ಹಾಕಿ ಹೊರತಂದಿತು. 2024ರ ಜನವರಿ 1ರಿಂದ ಅಮೆರಿಕದಲ್ಲಿ ಮೂಲ ಚಿತ್ರದ ಹಕ್ಕುಸ್ವಾಮ್ಯ ಮುಗಿದಿದೆ. ಇದರಲ್ಲಿ ಬರಹದ ಫಲಕಗಳು ಕಡಿಮೆ, ಅವನ್ನು ಕನ್ನಡಕ್ಕೆ ತರುವುದು ಒಂದು ಸಂಜೆಯ ಕೆಲಸ. ಬಾಗಲಕೋಟೆಯ, ಇಳಕಲ್ಲಿನ ಕಾಲೇಜುಗಳೂ ರಂಗ ಸಂಘಗಳೂ ಆ ಕೆಲಸ ಮಾಡಿ, ಹಾರ್ಮೋನಿಯಂ ತಬಲಾ ಬಲ್ಲ ಕಂಪನಿ ಕಲಾವಿದರನ್ನು ತೆರೆಯ ಪಕ್ಕ ಕೂರಿಸಿ ಇದನ್ನೊಮ್ಮೆ ತೋರಿಸಬೇಕು. ಹಾಗೆಯೇ, ಬನಶಂಕರಿಯಲ್ಲಿ ಡೇರೆ ಹಾಕಿದ ಕಂಪನಿಗಳ ಹಳೆಯ ಹಸ್ತಪತ್ರಿಕೆ, ಫೋಟೋ, ಗ್ರಾಮಫೋನ್ ತಟ್ಟೆಗಳು ಮನೆಯ ಅಟ್ಟದಲ್ಲಿ ಇದ್ದವರು ಅವನ್ನು ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕು.